ಗಾಡಿ ಹೊಸದು, ಕಾಲು ಹಳೇದು

12 ಮಾರ್ಚ್ 1989

ಅಕ್ಕ,

ಈ ಕಾಗದವನ್ನು ವಾರ್ಡಿನಲ್ಲಿ ನಿಂತುಕೊಂಡು ಓದಬೇಡ. ಮನೆಗೆ ಹೋಗಿ, ಕಾಲು ಚಾಚಿ ಕೂತು ಓದು. ಶೆಡ್ ಸಿಕ್ಕಿತು! ಹಿಂದೆ ಐಸ್ ಕಾರ್ಖಾನೆಯಾಗಿತ್ತಂತೆ. ಗೋಡೆಯಲ್ಲಿ ಇನ್ನೂ ತೇವ ಉಳಿದಿದೆ, ಬಾಗಿಲು ಮುಚ್ಚಬೇಕಾದರೆ ಇಬ್ಬರು ಭುಜ ಕೊಡಬೇಕು. ಆದರೆ ನೆಲವನ್ನು ನೀನು ನೋಡಬೇಕು. ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಕಾರು ಕಟ್ಟುವವನಿಗೆ ಅಂಥ ನೆಲ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇಷ್ಟು ವರ್ಷ ಶ್ರೀಮಂತರ ಸ್ಪೋರ್ಟ್ಸ್ ಕಾರುಗಳ ಹೊಟ್ಟೆಯಡಿ ಮಲಗಿ ರಿಪೇರಿ ಮಾಡಿದೆ. ಅವುಗಳ ತಪ್ಪೆಲ್ಲ ನನಗೆ ಬಾಯಿಪಾಠ. ಇನ್ನು ಮೇಲೆ ನನ್ನದೇ ಗಾಡಿ. ಎರಡೇ ಸೀಟು, ಸೊಂಟದೆತ್ತರ, ಕೈಯಿಂದ ಬಡಿದು ಮಾಡಿದ ಅಲ್ಯೂಮಿನಿಯಂ ಮೈ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ಕಟ್ಟುವುದು. ಕೊಳ್ಳುವವರು ಕಾಯಬೇಕು. ತಗಡು ಬಡಿಯುವವರು ಇನ್ನೂ ಹುಟ್ಟದ ಆ ಗಾಡಿಗೆ ‘ಮಿಡತೆ’ ಎಂದು ಹೆಸರಿಟ್ಟೂ ಆಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನೀನು ಅನ್ನುತ್ತೀಯ, ಗೊತ್ತು.

ಈಗ ಕೇಳಬೇಕಾದ್ದು. ಬೈಯಬೇಡ. ಭಾವನನ್ನು ನನ್ನ ಬಳಿ ಕಳಿಸಿಕೊಡು. ಆಸ್ಪತ್ರೆಯ ಆಂಬುಲೆನ್ಸ್ ಓಡಿಸಲು ಇನ್ನೊಬ್ಬರು ಸಿಗುತ್ತಾರೆ. ನನ್ನ ಗಾಡಿಯನ್ನು ಓಡಿಸಿ ನೋಡಿ, ಇದು ಸರಿ, ಇದು ಸರಿಯಿಲ್ಲ ಎಂದು ಹೇಳಲು ಅವರಂಥವರು ಸಿಗುವುದಿಲ್ಲ. ಆ ತಗಡಿನ ಡಬ್ಬಿಯಲ್ಲೇ ರೋಗಿಯ ಕೈಯ ಲೋಟದ ನೀರು ಚೆಲ್ಲದ ಹಾಗೆ ತಿರುವು ತೆಗೆಯುವ ಮನುಷ್ಯ. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರೂ ಅವರೇ. ನೀನು ಹೂಂ ಅಂದರೆ ಅವರು ಹೂಂ ಅನ್ನುತ್ತಾರೆ. ಅದು ನನಗೂ ಗೊತ್ತು, ನಿನಗೂ ಗೊತ್ತು.

ನಿನ್ನ
ಗಾಲಿ


2 ಏಪ್ರಿಲ್ 1989

ಪ್ರೀತಿಯ ಗಾಲಿ,

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ! ಹರಿದ ಚಪ್ಪಲಿಯಲ್ಲಿ ಓಡಾಡುವವನು ಕೋಟ್ಯಧಿಪತಿಗಳಿಗೆ ಕಾರು ಮಾರುತ್ತಾನಂತೆ. ಓದಿ ನಗು ಬಂತು, ಹಿಂದೆಯೇ ಅಳುವೂ ಬಂತು. ಮೂರು ವರ್ಷಕ್ಕೇ ತೊಟ್ಟಿಲಿನ ಗಾಲಿ ಬಿಚ್ಚಿಹಾಕಿ ಆ ಹೆಸರು ಸಂಪಾದಿಸಿದವನು ನೀನು. ಬೇರೆ ಏನು ತಾನೇ ಮಾಡುತ್ತೀಯ?

ನಿನ್ನ ಕಾಗದ ಓದಿದ ದಿನದಿಂದ ನಿನ್ನ ಭಾವ ಆಂಬುಲೆನ್ಸ್ ತೊಳೆಯುವಾಗ ಸೀಟಿ ಹಾಕುತ್ತಿದ್ದಾರೆ. ಬಾಯಲ್ಲಿ ಮಾತ್ರ ‘ನನ್ಗ್ಯಾಕೆ ಈ ವಯಸ್ಸಲ್ಲಿ ಮಿಡತೆ ಸವಾರಿ’ ಅನ್ನುತ್ತಾರೆ. ಐವತ್ತರ ಗಂಡಸು ಹಾಗೆ ಸೀಟಿ ಹಾಕುವುದನ್ನು ಕೇಳಿದ ಮೇಲೆ ಬೇಡ ಅನ್ನುವುದು ಹೇಗೆ? ಕರೆದುಕೊಂಡು ಹೋಗು. ನಾನು ಬರುವ ಹಾಗಿಲ್ಲ. ನರ್ಸ್ ಕೆಲಸ ಬಿಟ್ಟರೆ ಈ ಕ್ವಾರ್ಟರ್ಸ್ ಬಿಡಬೇಕು. ಅತ್ತೆಗೆ ಕಣ್ಣು ಮಂಜು. ಈ ಮನೆಯ ಗೋಡೆಗಳನ್ನು ಮುಟ್ಟಿಕೊಂಡು ಓಡಾಡುವುದು ಅವರಿಗೆ ರೂಢಿಯಾಗಿದೆ, ಹೊಸ ಗೋಡೆ ಕಲಿಯುವ ವಯಸ್ಸಲ್ಲ.

ಒಂದು ಮಾತು. ಅವರು ಕಾಗದ ಬರೆಯುವವರಲ್ಲ. ವಾರ್ಡಿನ ಫೋನು ನಮ್ಮ ಮಾತಿಗೆ ಇರುವುದಲ್ಲ. ಅವರು ಹೇಗಿದ್ದಾರೆ ಎಂದು ನೀನೇ ಬರೆಯಬೇಕು. ಗಾಡಿಯ ವಿಷಯ ನಾಲ್ಕು ಪುಟ ಬರಿ, ಬೇಡ ಅನ್ನುವುದಿಲ್ಲ. ಅವರ ವಿಷಯ ನಾಲ್ಕು ಸಾಲಾದರೂ ಇರಲಿ. ಅವರನ್ನು ನಿನ್ನ ಕೈಗೆ ಒಪ್ಪಿಸುತ್ತಿದ್ದೇನೆ, ನಿನ್ನ ಗಾಡಿಯ ಕೈಗಲ್ಲ.

ಅಕ್ಕ


20 ನವೆಂಬರ್ 1990

ಅಕ್ಕ,

ಭಾವನ ಕೈಯಲ್ಲಿ ಕಳಿಸಿದ ಬೈಗುಳವೆಲ್ಲ ಮುಟ್ಟಿತು. ಕಾಗದ ಬರೆಯದೆ ಇದ್ದದ್ದು ತಪ್ಪೇ. ಆದರೆ ಕೇಳು, ನಾಲ್ಕು ಮಿಡತೆಗಳು ರಸ್ತೆಗೆ ಇಳಿದಿವೆ! ಕಾರು ಪ್ರದರ್ಶನದಲ್ಲಿ ನಮಗೆ ಕೊಟ್ಟದ್ದು ಕಕ್ಕಸಿನ ಪಕ್ಕದ ಮೂಲೆ. ಎರಡನೆಯ ದಿನಕ್ಕೆ ಕಕ್ಕಸಿಗೆ ಹೋಗುವವರಿಗೇ ದಾರಿಯಿಲ್ಲ, ಅಷ್ಟು ಜನ. ಒಬ್ಬ ಕಣ್ಣಿನ ಡಾಕ್ಟರು, ಒಬ್ಬ ಹಡಗಿನ ಮಾಲೀಕ, ಒಬ್ಬ ಗಾಯಕಿ, ಎಲ್ಲರೂ ಮುಂಗಡ ಕೊಟ್ಟು ಕಾಯುತ್ತಿದ್ದಾರೆ. ನನಗಂತೂ ಆಕಾಶಕ್ಕೆ ಮೂರೇ ಗೇಣು.

ನಿನ್ನ ಗಂಡ ಇಲ್ಲಿ ನನಗಿಂತ ದೊಡ್ಡ ಮನುಷ್ಯ. ಕಟ್ಟಿ ಮುಗಿಸಿದ ಗಾಡಿಯನ್ನು ಬೆಟ್ಟದ ರಸ್ತೆಯಲ್ಲಿ ಒಂದು ವಾರ ಓಡಿಸುತ್ತಾರೆ. ತೃಪ್ತಿಯಾದರೆ ಇಳಿದು, ಅದರ ನೆತ್ತಿಗೆ ಅಂಗೈಯಿಂದ ಒಂದು ಸಲ ತಟ್ಟುತ್ತಾರೆ, ಆಂಬುಲೆನ್ಸಿಗೆ ತಟ್ಟುತ್ತಿದ್ದರಲ್ಲ, ಹಾಗೇ. ಅವರು ತಟ್ಟದೆ ಯಾವ ಗಾಡಿಯೂ ಬಾಗಿಲು ದಾಟುವುದಿಲ್ಲ. ಕೊಳ್ಳುವವರು ಈಗ ಅದನ್ನು ನೋಡಲೆಂದೇ ಬಂದು ನಿಲ್ಲುತ್ತಾರೆ.

ಒಬ್ಬ ಪತ್ರಿಕೆಯವನು ಮಾತ್ರ ನಮ್ಮ ಗಾಡಿ ತೂಕ ಜಾಸ್ತಿ ಎಂದು ಬರೆದ. ಸ್ಪೋರ್ಟ್ಸ್ ಕಾರಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅಂದಿನಿಂದ ಶೆಡ್ಡಿನ ನಡುವೆ ಒಂದು ತಕ್ಕಡಿ ನೇತುಹಾಕಿದ್ದೇನೆ. ಪ್ರತಿ ಸೋಮವಾರ ಎಲ್ಲರೂ ಒಂದೊಂದು ಭಾಗ ತಂದು ತೂಗಬೇಕು, ಮುಂದಿನ ಸೋಮವಾರ ಅದು ಹಗುರವಾಗಿರಬೇಕು. ಕನ್ನಡಿಯ ಕಾಲು, ಬಾಗಿಲ ಹಿಡಿ, ಸೀಟಿನ ಬೆನ್ನು, ಯಾವುದನ್ನೂ ಬಿಟ್ಟಿಲ್ಲ. ಬ್ರೇಕ್ ಪೆಡಲನ್ನು ಹಿಡಿದುಕೊಳ್ಳುವ ತಗಡನ್ನೂ ತೆಳು ಮಾಡಿಸಿದೆ. ನಮ್ಮ ಇಂಜಿನಿಯರಮ್ಮನಿಗೆ ನಾವು ‘ಸಂದೇಹ ಮೇಡಂ’ ಅನ್ನುತ್ತೇವೆ. ಅವರು ಎಂದಿನಂತೆ, ‘ಅದೊಂದನ್ನ ಬಿಟ್ಬಿಡಿ ಸರ್, ಜೋರಾಗಿ ಒತ್ತಿದ್ರೆ ಬಾಗತ್ತೆ’ ಅಂದರು. ‘ಭಾವ ಓಡಿಸ್ಲಿ, ಅವ್ರು ತಟ್ಟಿದ್ರೆ ಮುಗೀತು’ ಅಂದೆ. ಭಾವ ಓಡಿಸಿದರು, ತಟ್ಟಿದರು, ಮುಗಿಯಿತು. ಆ ಕೈ ಬಿದ್ದ ಮೇಲೆ ಬ್ರಹ್ಮನೂ ಬಾಯಿ ಬಿಡುವ ಹಾಗಿಲ್ಲ.

ಭಾವ ಚೆನ್ನಾಗಿದ್ದಾರೆ. ನಾಲ್ಕು ಸಾಲು ಕೇಳಿದ್ದೆಯಲ್ಲ, ಇದು ಎರಡನೆಯದು: ಊಟ, ನಿದ್ದೆ ಎಲ್ಲ ಸರಿಯಾಗಿದೆ. ಮಿಕ್ಕ ಎರಡು ಸಾಲು ಮುಂದಿನ ಸಲ.

ಗಾಲಿ


17 ಫೆಬ್ರವರಿ 1991

ಪ್ರೀತಿಯ ಗಾಲಿ,

ನಿನ್ನ ಭಾವ ಬಂದು ಹೋದರು. ನೀನು ಕಳಿಸಿದ ಫೋಟೋ ಗೋಡೆಗೆ ಹಾಕಿದ್ದೇನೆ. ಅತ್ತೆ ಅದನ್ನು ಮೂಗಿಗೆ ತಾಗಿಸಿ ನೋಡಿ, ‘ಇದೇನೇ, ಯಾರೋ ಕಾರಿನ್ ಮೇಲೆ ಕೂತ್ಬಿಟ್ಟಂಗಿದೆ, ಇಷ್ಟು ಚಪ್ಪಟೆ’ ಅಂದರು. ಆದರೂ ಬಂದವರಿಗೆಲ್ಲ ನನ್ನ ಮಗ ಓಡಿಸುವ ಗಾಡಿ ಎಂದು ತೋರಿಸುತ್ತಾರೆ. ಗೋಡೆಯಲ್ಲಿ ಅದು ಇರುವ ಜಾಗ ಬೆರಳಿಗೆ ಗೊತ್ತಾಗಿದೆ.

ಒಂದು ವಿಷಯ. ಅವರಿಗೆ ಕೂತು ಮಾಡುವ ಕೆಲಸ ಏನಾದರೂ ಇದೆಯೇ? ಬೇರೆ ಕಾರಣ ಏನೂ ಇಲ್ಲ. ಐವತ್ತೆರಡಾಯಿತು. ಹೊಸಬರಿಗೆ ಕಲಿಸುವುದು, ಬಂದವರ ಜೊತೆ ಮಾತಾಡುವುದು, ಅಂಥದ್ದು. ದಿನವಿಡೀ ಓಡಿಸುವುದು ಇನ್ನು ಯಾಕೆ ಅನ್ನಿಸಿತು, ಅದಕ್ಕೆ ಕೇಳಿದೆ. ನಾನು ಕೇಳಿದೆ ಎಂದು ಅವರಿಗೆ ಹೇಳಬೇಡ, ಮುಖ ಊದಿಸಿಕೊಳ್ಳುತ್ತಾರೆ.

ಅಕ್ಕ


10 ಮಾರ್ಚ್ 1991

ಅಕ್ಕ,

ಅರ್ಥವಾಯಿತು! ನೀನು ಬಾಯಿ ಬಿಟ್ಟು ಹೇಳದಿದ್ದರೂ ನಿನ್ನ ತಮ್ಮ ದಡ್ಡನಲ್ಲ. ತಮ್ಮ ಮಾಲೀಕ, ಗಂಡ ಇನ್ನೂ ಡ್ರೈವರ್ ಅಂದರೆ ಆಸ್ಪತ್ರೆಯವರ ಮುಂದೆ ನಿನಗೆ ಹೇಗಾಗಬೇಡ. ನಾನೇ ಮೊದಲು ಯೋಚಿಸಬೇಕಿತ್ತು. ಇವತ್ತಿನಿಂದ ಭಾವ ‘ಪರೀಕ್ಷಾ ವಿಭಾಗದ ನಿರ್ದೇಶಕರು’. ಬಾಗಿಲಿಗೆ ಫಲಕ, ತಿರುಗುವ ಕುರ್ಚಿ, ಬೂದು ಬಣ್ಣದ ಸೂಟು. ದರ್ಜಿ ಕಂಕುಳ ಅಳತೆ ತೆಗೆಯುವಾಗ ಕಚಗುಳಿಯಾಗಿ ಅವರು ನಕ್ಕ ನಗುವಿಗೆ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಬಂದರು.

ಎರಡು ದಿನ ಆ ಕುರ್ಚಿಯಲ್ಲಿ ಕೂತರು. ಆಮೇಲೆ ನೋಡಿದರೆ ಸೂಟು ಹಾಕಿಕೊಂಡೇ ಮಿಡತೆಯೊಳಗೆ ಹೊಕ್ಕಿದ್ದಾರೆ. ‘ಭಾವ, ಕುರ್ಚಿ?’ ಅಂದೆ. ‘ಅದು ಎಲ್ಲೂ ಹೋಗಲ್ಲ ಕಣೋ, ಅದೇ ಬೇಜಾರು’ ಅಂದರು. ನಾನೇನು ಮಾಡಲಿ ಹೇಳು?

ಸಂದೇಹ ಮೇಡಂ ಕೆಲಸ ಬಿಟ್ಟರು. ಬೇರೆ ಕಡೆ ಒಳ್ಳೆಯ ಅವಕಾಶ ಬಂತಂತೆ. ಒಳ್ಳೆಯದಾಗಲಿ.

ಗಾಲಿ


1 ಏಪ್ರಿಲ್ 1991

ಗಾಲಿ,

ಕುರ್ಚಿ ಕೊಟ್ಟೆ, ಸಂತೋಷ. ನನಗೆ ಬೇಕಿದ್ದದ್ದು ಫಲಕವಲ್ಲ. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಮದುವೆ ಚಿಂತೆ. ಇರಲಿ ಬಿಡು.

ಅವರು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಾರೆಯೇ? ಸುಮ್ಮನೆ ಒಂದು ಸಲ ನೋಡಿ ಬರಿ.

ಅಕ್ಕ


8 ಸೆಪ್ಟೆಂಬರ್ 1991

ಅಕ್ಕ,

ಇದು ಸೆಕ್ರೆಟರಿ ಟೈಪ್ ಮಾಡಿದ್ದು, ಕ್ಷಮಿಸು. ಕೈಯಲ್ಲಿ ಬರೆಯುವಷ್ಟು ಬಿಡುವಿಲ್ಲ. ಪೇಟೆಯ ನಡುವೆ ಶೋರೂಮ್ ತೆರೆದೆವು. ಮೂರು ಕಡೆ ಗಾಜು. ನೆಲ ಎಷ್ಟು ಹೊಳೆಯುತ್ತದೆಂದರೆ ಒಳಗೆ ಬಂದವರು ಮೊದಲು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ಹೊರದೇಶದ ವ್ಯಾಪಾರಿಗಳು ಒಂದೇ ಸಲಕ್ಕೆ ಇಪ್ಪತ್ತು ಗಾಡಿ ಕೇಳಿದ್ದಾರೆ. ಅದಕ್ಕೆ ಮೊದಲು ಅವರ ಬ್ರೇಕ್ ಪರೀಕ್ಷೆ ಪಾಸಾಗಬೇಕು: ಪೂರಾ ವೇಗದಿಂದ ಗಕ್ಕನೆ ನಿಲ್ಲಿಸುವುದು, ಮತ್ತೆ ಓಡಿಸಿ ಮತ್ತೆ ನಿಲ್ಲಿಸುವುದು. ಭಾವ ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಅಭ್ಯಾಸ ಮಾಡುತ್ತಿದ್ದಾರೆ.

ಅವರಿಗೆ ಈಗೀಗ ಮಾತು ಕಡಿಮೆ. ಸಂಜೆ ಬಕೆಟ್ಟಿನಲ್ಲಿ ಬಿಸಿನೀರು ಹಾಕಿಕೊಂಡು ಬಲಗಾಲು ಇಳಿಬಿಟ್ಟು ಕೂರುತ್ತಾರೆ. ‘ಏನ್ ನಿರ್ದೇಶಕ್ರೇ, ರಾಜವೈಭೋಗ!’ ಅಂದೆ. ‘ಗಾಡಿ ಹೊಸದು, ಕಾಲು ಹಳೇದು’ ಅಂದು ನಕ್ಕರು. ನಾನೂ ನಕ್ಕೆ. ಕೆಲಸ ಜಾಸ್ತಿಯಾಗಿದೆ, ಪರೀಕ್ಷೆ ಮುಗಿದ ಮೇಲೆ ತಿಂಗಳು ರಜೆ ಕೊಟ್ಟು ಕಳಿಸುತ್ತೇನೆ.

ಮೆಟ್ಟಿಲ ವಿಷಯ ಕೇಳಿದ್ದೆ. ಶೋರೂಮಿಗೆ ಮೆಟ್ಟಿಲೇ ಇಲ್ಲ ಅಕ್ಕ, ಇಳಿಜಾರು ಮಾಡಿಸಿದ್ದೇನೆ.

ಗಾಲಿ


9 ಜನವರಿ 1992

ಗಾಲಿ,

ನೀನು ಅವರ ದೇಹವನ್ನು ತಂದು ಒಪ್ಪಿಸಿದೆ. ಎಲ್ಲ ಮುಗಿಸಿ, ಮರುದಿನ ಯಾರೂ ಏಳುವ ಮುಂಚೆ ಹೊರಟುಹೋದೆ. ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಯಾಕೆಂದು ನನಗೆ ಅರ್ಥವಾಯಿತು. ಅವರು ಯಾವಾಗಲೋ ನಿನಗೆ ಹೇಳಿರಬೇಕು. ಇದಕ್ಕೆಲ್ಲ ನಾನೇ ಕಾರಣ ಎಂದು ನಿನಗೆ ಗೊತ್ತು, ಅಕ್ಕನ ಮುಖಕ್ಕೆ ಅನ್ನಲಾರದೆ ಹೋದೆ.

ನೀನು ಅನ್ನದಿದ್ದರೆ ನಾನೇ ಅನ್ನುತ್ತೇನೆ. ಹೋದ ಫೆಬ್ರವರಿಯಲ್ಲಿ ಬಂದಾಗಲೇ ಅವರು ಹೇಳಿದ್ದರು: ‘ಬ್ರೇಕ್ ಒತ್ತಿದ್ರೆ ಒಂದೊಂದ್ಸಲ ಸ್ಪಂಜ್ ಮೇಲೆ ಕಾಲಿಟ್ಟಂಗಾಗತ್ತೆ ಕಣೇ. ಕಾಲಲ್ಲಿ ಜೀವಾನೇ ಇಲ್ಲ ಅನ್ಸತ್ತೆ.’ ಗಾಡಿಯದ್ದೇ ಏನಾದರೂ ಇರಬಹುದಲ್ಲ ಅಂದೆ. ‘ಅವನು ಕಟ್ಟಿರೋ ಗಾಡಿ. ಗಾಡಿ ಹೊಸದು, ಕಾಲು ಹಳೇದು. ತಪ್ಪು ಯಾರ್ದು ಅಂತ ಕೇಳ್ಬೇಕಾ?’ ಅಂದರು. ಮಾವನವರಿಗೆ ಸಕ್ಕರೆ ಕಾಯಿಲೆ ಕಾಲಿನಿಂದಲೇ ಗೊತ್ತಾದದ್ದು. ಮೊದಲು ಸ್ಪರ್ಶ ಹೋಯಿತು, ಆಮೇಲೆ ಕಾಲೇ ಹೋಯಿತು. ಅದೇ ತನಗೂ ಬಂತು ಎಂದು ಇವರ ಮನಸ್ಸಿನಲ್ಲಿ ಗಟ್ಟಿಯಾಗಿಬಿಟ್ಟಿತ್ತು. ರಕ್ತ ಪರೀಕ್ಷೆಗೆ ಏನು ಮಾಡಿದರೂ ಬರಲಿಲ್ಲ. ‘ಅವನಿಗೆ ಹೇಳ್ಬೇಡ. ಹೇಳಿದ್ರೆ ಕೀ ಕಿತ್ಕೊಂಡು ಕೂರಿಸ್ತಾನೆ, ನಾನು ಅಲ್ಲೇ ಸತ್ತೋಗ್ತೀನಿ’ ಎಂದು ನನ್ನಿಂದ ಮಾತು ತೆಗೆದುಕೊಂಡರು.

ನಾನು ನರ್ಸ್. ಇನ್ನೊಬ್ಬರ ಮನೆಯವರು ಹೀಗೆ ಮುಚ್ಚಿಟ್ಟರೆ ವಾರ್ಡಿನ ನಡುವೆ ನಿಲ್ಲಿಸಿ ಬೈಯುವವಳು. ಕೂತು ಮಾಡುವ ಕೆಲಸ ಕೊಡು, ಮೆಟ್ಟಿಲು ನೋಡು ಎಂದು ಸುತ್ತಿ ಬಳಸಿ ಬರೆದೆ. ನೇರವಾಗಿ ಒಂದು ಸಾಲು ಬರೆದಿದ್ದರೆ ನೀನು ಅವರನ್ನು ಗಾಡಿ ಹತ್ತಲು ಬಿಡುತ್ತಿರಲಿಲ್ಲ. ಆ ಬೆಟ್ಟದ ತಿರುವಿನಲ್ಲಿ ಬ್ರೇಕ್ ಒತ್ತುವಾಗ ಕಾಲು ಕೈಕೊಟ್ಟಿತು. ನಾನೇ ಕೊಂದೆ ಗಾಲಿ.

ಅಕ್ಕ


30 ಮಾರ್ಚ್ 1992

ಅಕ್ಕ,

ಉತ್ತರ ಬರೆಯಲು ಕೂತು ಎಷ್ಟೋ ಸಲ ಎದ್ದೆ. ಹಾಗೆಲ್ಲ ಅಂದುಕೊಳ್ಳಬೇಡ. ಆಗುವುದು ಆಗಿಹೋಯಿತು, ಹಣೆಬರಹಕ್ಕೆ ಹೊಣೆ ಯಾರು? ಭಾವನೇ ನಿನ್ನನ್ನು ಮಾತಿನಲ್ಲಿ ಕಟ್ಟಿಹಾಕಿದ್ದರು. ನೀನೇನು ಮಾಡಲು ಸಾಧ್ಯವಿತ್ತು?

ಇನ್ನೊಂದು ವಿಷಯ. ಅಪಘಾತದ ತನಿಖಾಧಿಕಾರಿ ನಿನ್ನನ್ನು ಕಾಣಲು ಬರಬಹುದು. ಗಾಡಿಯ ಮುಂಭಾಗ ಬಂಡೆಗೆ ಬಡಿದು ಅಪ್ಪಚ್ಚಿಯಾಗಿದೆ, ಅದರಿಂದ ಏನೂ ತಿಳಿಯುವ ಹಾಗಿಲ್ಲ. ನೀನು ಹೆಚ್ಚಿಗೆ ಏನೂ ಹೇಳಬೇಕಾಗಿಲ್ಲ. ನನಗೆ ಬರೆದದ್ದನ್ನೇ ಅವರಿಗೂ ಹೇಳು. ಹೇಳಿಬಿಟ್ಟರೆ ನಿನ್ನ ಮನಸ್ಸೂ ಹಗುರಾಗುತ್ತದೆ. ಇಲ್ಲಿ ಅರವತ್ತು ಮನೆಯ ಒಲೆ ಉರಿಯುವುದು ಈ ಕಂಪನಿಯಿಂದ. ಭಾವ ಇದ್ದಿದ್ದರೆ ಅವರೂ ಅದನ್ನೇ ಯೋಚಿಸುತ್ತಿದ್ದರು.

ಗಾಲಿ


26 ಏಪ್ರಿಲ್ 1992

ಗಾಲಿ,

ಬಂದಿದ್ದರು. ಸಣ್ಣ ದನಿಯ ಮನುಷ್ಯ. ಎಲ್ಲ ಹೇಳಿದೆ. ನಡುವೆ ನಾನು ನೀರು ತರಲು ಎದ್ದಾಗ ‘ನಾಳೆ ಬರ್ಲಾಮ್ಮ?’ ಅಂದರು. ಬೇಡ, ಇವತ್ತೇ ಆಗಲಿ ಅಂದೆ.

ಅತ್ತೆ ಮಲಗಿದ್ದಾರೆ ಎಂದುಕೊಂಡಿದ್ದೆ. ಬಾಗಿಲ ಪರದೆ ಹಿಡಿದುಕೊಂಡು ನಿಂತಿದ್ದರು, ಮೊದಲಿನಿಂದ ಕೊನೆಯವರೆಗೆ. ಅಧಿಕಾರಿ ಹೋದ ಮೇಲೆ ಅತ್ತೆ ‘ನಿಂಗೆ ಗೊತ್ತಿತ್ತು’ ಅಂದರು. ಆ ಎರಡು ಮಾತು ಬಿಟ್ಟರೆ ಇಲ್ಲಿಯವರೆಗೆ ನನ್ನೊಡನೆ ಮಾತಾಡಿಲ್ಲ. ನಾನು ಬಡಿಸಿದ ತಟ್ಟೆಯನ್ನು ಕೈಯಿಂದ ತಡವಿ ಪಕ್ಕಕ್ಕೆ ಸರಿಸುತ್ತಾರೆ.

ಮನಸ್ಸು ಹಗುರಾಗಲಿಲ್ಲ.

ಅಕ್ಕ


22 ಆಗಸ್ಟ್ 1992

ಅಕ್ಕ,

ತನಿಖೆ ಮುಗಿಯಿತು. ವರದಿಯಲ್ಲಿ ‘ಚಾಲಕನ ಅಸ್ವಸ್ಥತೆ’ ಎಂದು ಬರೆದಿದ್ದಾರೆ. ಹಿಂದೆ ಸರಿದಿದ್ದ ಹೊರದೇಶದ ವ್ಯಾಪಾರಿಗಳು ತಾವಾಗಿಯೇ ಬಂದರು. ಕೆಲಸ ಮೊದಲಿಗಿಂತ ಜೋರಾಗಿದೆ. ಮಾರಿದ ಗಾಡಿಗಳನ್ನೆಲ್ಲ ಉಚಿತ ಸರ್ವೀಸಿಗೆ ಕರೆಸಿಕೊಂಡೆ, ಸಣ್ಣಪುಟ್ಟ ಭಾಗ ಬದಲಾಯಿಸಿಕೊಟ್ಟೆವು. ಗ್ರಾಹಕರಿಗೆ ಖುಷಿ. ಶೆಡ್ಡಿನ ತಕ್ಕಡಿಯನ್ನೂ ತೆಗೆಸಿದೆ, ಜಾಗ ಸಾಲುತ್ತಿರಲಿಲ್ಲ.

ಹೊಸ ಪುಸ್ತಿಕೆ ಕಳಿಸಿದ್ದೇನೆ. ಮೊದಲ ಪುಟದಲ್ಲೇ ಭಾವ ಗಾಡಿಯ ನೆತ್ತಿ ತಟ್ಟುತ್ತಿರುವ ಫೋಟೋ. ಎರಡನೆಯ ಶೋರೂಮು ಡಿಸೆಂಬರಿನಲ್ಲಿ ತೆರೆಯುತ್ತದೆ. ರಿಬ್ಬನ್ ನೀನೇ ಕತ್ತರಿಸಬೇಕು. ಬರಲೇಬೇಕು. ಜೊತೆಗೆ ಒಂದು ಚೆಕ್ ಇದೆ, ಬೇಡ ಅನ್ನಬೇಡ. ಅತ್ತೆಯ ಕಣ್ಣು ತೋರಿಸು.

ಗಾಲಿ


11 ಜನವರಿ 1993

ಗಾಲಿ,

ಚೆಕ್ ವಾಪಸು ಕಳಿಸಿದ್ದೇನೆ, ಕೋಪಕ್ಕಲ್ಲ. ತೋರಿಸೋಣವೆಂದರೆ ಅತ್ತೆ ಇಲ್ಲಿಲ್ಲ. ದೀಪಾವಳಿಯ ಹೊತ್ತಿಗೆ ನನ್ನ ನಾದಿನಿ ಬಂದು ಕರೆದುಕೊಂಡು ಹೋದಳು. ಹೊರಡುವಾಗ ಅತ್ತೆ ಗೋಡೆ ಮುಟ್ಟಿಕೊಂಡು ಎಲ್ಲ ಕೋಣೆಗೂ ಒಂದು ಸುತ್ತು ಹೋಗಿಬಂದರು. ನನ್ನ ಹತ್ತಿರ ಬಂದಾಗ ಕೈ ಹಿಂದಕ್ಕೆ ತೆಗೆದುಕೊಂಡರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಕೆಲಸ ಬಿಡುತ್ತಿದ್ದೇನೆ. ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ರೋಗಿಗಳ ಕಾಲು ನೋಡಬೇಕಾಗಿ ಬಂದರೆ ಬೇರೆ ನರ್ಸನ್ನು ಕಳಿಸುತ್ತೇನೆ. ಗಂಡನ ಕಾಯಿಲೆ ಮುಚ್ಚಿಟ್ಟು ಗಂಡನನ್ನು ಕಳೆದುಕೊಂಡವಳು ಎಂದು ವಾರ್ಡಿನಲ್ಲೆಲ್ಲ ಗೊತ್ತು. ನನ್ನ ಮುಂದೆ ಮಾತ್ರ ಎಲ್ಲರೂ ತುಂಬ ಒಳ್ಳೆಯವರು.

ನಿನಗೆ ಹೇಳದೆ ಇದ್ದದ್ದು ಇನ್ನೊಂದಿದೆ. ಆ ಫೆಬ್ರವರಿಯಲ್ಲಿ ನಾನೇ ಅವರ ಕಾಲನ್ನು ಪರೀಕ್ಷೆ ಮಾಡಿದ್ದೆ. ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಒಂದು ಸಲ ಹತ್ತಿ, ಒಂದು ಸಲ ಸೂಜಿ. ನಾವು ದಿನವೂ ಮಾಡುವುದೇ. ಪ್ರತಿ ಸಲವೂ ಸರಿಯಾಗಿ ಹೇಳಿದರು. ‘ಹತ್ತಿ.’ ‘ಸೂಜಿ.’ ‘ಅಯ್ಯೋ, ಮೆಲ್ಲಗ್ ಚುಚ್ಚೇ, ಏನ್ ಗೋಣಿಚೀಲ ಹೊಲೀತಿದೀಯಾ?’ ಕಿರುಬೆರಳಿನ ತುದಿಗೂ ಸ್ಪರ್ಶ ಇತ್ತು. ಆಗ ಎಷ್ಟು ಸಮಾಧಾನವಾಗಿತ್ತು ನನಗೆ. ಈಗ ಗೊತ್ತಾಗುತ್ತದೆ, ರೆಪ್ಪೆಯ ಸಂದಿಯಲ್ಲಿ ನೋಡುತ್ತಿದ್ದರು. ನನ್ನನ್ನು ಸುಮ್ಮನಾಗಿಸಲು ಆಟ ಕಟ್ಟಿದರು. ಎಂಥ ಸುಳ್ಳುಗಾರ! ನನ್ನ ತಪ್ಪನ್ನು ನಾನು ಹೊರುತ್ತೇನೆ. ಆದರೆ ಅವರು ನನಗೆ ಹಾಗೆ ಸುಳ್ಳು ಹೇಳಿ ಹೋದದ್ದನ್ನು ಹೊರಲು ಆಗುತ್ತಿಲ್ಲ. ಸತ್ತವರ ಮೇಲೆ ಸಿಟ್ಟಿಟ್ಟುಕೊಂಡು ಒಂದೇ ಮನೆಯಲ್ಲಿ ಇರುವುದು ಬಹಳ ಕಷ್ಟ ಗಾಲಿ.

ಅಕ್ಕ


14 ಮಾರ್ಚ್ 1993

ಅಕ್ಕ,

ಅವರು ರೆಪ್ಪೆಯ ಸಂದಿಯಲ್ಲಿ ನೋಡಲಿಲ್ಲ. ನಿನಗೆ ಸುಳ್ಳು ಹೇಳಲಿಲ್ಲ. ಆ ಕಾಲಿಗೆ ಏನೂ ಆಗಿರಲಿಲ್ಲ.

ಪೆಡಲ್ ಹಿಡಿದುಕೊಳ್ಳುವ ತಗಡನ್ನು ತೆಳು ಮಾಡಿಸಿದೆ ಎಂದು ನಿನಗೆ ಹೆಮ್ಮೆಯಿಂದ ಬರೆದಿದ್ದೆ. ಜೋರಾಗಿ ಒತ್ತಿದಾಗ ಅದು ಬಾಗುತ್ತಿತ್ತು, ಪೆಡಲ್ ಒಳಕ್ಕೆ ಹೋಗುತ್ತಿತ್ತು. ಭಾವ ಹೇಳಿದ ಸ್ಪಂಜು ಅದೇ. ಇಂಜಿನಿಯರಮ್ಮ ಕೆಲಸ ಬಿಟ್ಟದ್ದು ಬೇರೆ ಅವಕಾಶಕ್ಕಲ್ಲ, ಆ ತಗಡಿಗೆ. ಭಾವ ತಟ್ಟಿದ್ದಾರಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ನಾನು ಕಟ್ಟಿದ್ದೇನಲ್ಲ ಎಂದು ಭಾವ ತಮ್ಮ ಕಾಲನ್ನೇ ಅನುಮಾನಿಸಿಕೊಂಡು ತಟ್ಟಿದರು. ನಾನು ಅವರ ಕೈಯನ್ನು ನಂಬಿದೆ, ಅವರು ನನ್ನ ಗಾಡಿಯನ್ನು ನಂಬಿದರು. ತಗಡನ್ನು ಯಾರೂ ಬಗ್ಗಿ ನೋಡಲಿಲ್ಲ.

ಬಂಡೆಯ ಹತ್ತಿರ ಎಲ್ಲರಿಗಿಂತ ಮೊದಲು ಹೋದವನು ನಾನು. ಆ ತಗಡು ಬೋಲ್ಟಿನ ಪಕ್ಕದಲ್ಲಿ ಹರಿದಿತ್ತು. ಬಡಿತಕ್ಕೆ ಹರಿದದ್ದು ಎಂದುಕೊಂಡೆ. ಆದರೆ ಹರಿದ ಅಂಚು ಅರ್ಧ ಹೊಳೆಯುತ್ತಿತ್ತು, ಅರ್ಧ ಕಪ್ಪಾಗಿತ್ತು. ಕಪ್ಪು ಅಂದರೆ ಹಳೆಯ ಬಿರುಕು. ಅದನ್ನು ಕಿತ್ತು ಕೋಟಿನೊಳಗೆ ಹಾಕಿಕೊಂಡೆ. ನಿನ್ನ ಮುಖ ನೋಡದೆ ಹೋದದ್ದು ಅದಕ್ಕೆ. ಆಮೇಲೆ ನಿನ್ನ ಕಾಗದ ಬಂತು. ನನ್ನ ತಪ್ಪನ್ನು ಹೊರಲು ನೀನೇ ಹೆಗಲು ಕೊಟ್ಟು ನಿಂತಿದ್ದೆ. ನಾನು ಹೊರಿಸಿದೆ. ಅಧಿಕಾರಿಗೂ ಹೇಳು ಎಂದು ಕಲಿಸಿಕೊಟ್ಟೆ.

ಕುಂಬಳಕಾಯಿ ಕಳ್ಳ ಎಂದು ಇಲ್ಲಿಯವರೆಗೆ ಯಾರೂ ಅಂದಿಲ್ಲ. ಆದರೂ ದಿನವೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಉಚಿತ ಸರ್ವೀಸು ಅಂದದ್ದು ಆ ತಗಡು ಬದಲಾಯಿಸಲು. ನಾಲ್ಕು ಗಾಡಿಗಳಲ್ಲಿ ಬಿರುಕು ಕಾಣುವ ಹಾಗಿತ್ತು. ಮಾರಿದ ಗಾಡಿಗಳೆಲ್ಲ ಬಂದವು, ಒಂದು ಬಿಟ್ಟು. ಹಡಗಿನ ಮಾಲೀಕ ತನ್ನದನ್ನು ಯಾರಿಗೋ ಮಾರಿದ್ದಾನೆ, ಅವರು ಯಾರಿಗೋ. ಪತ್ರಿಕೆಯಲ್ಲಿ ಹಾಕಿಸಿದರೆ ಸಿಗುತ್ತಾರೆ. ಹಾಕಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಹಾಕಿಸಿಲ್ಲ.

ಏನು ಮಾಡಬೇಕು ಹೇಳು ಅಕ್ಕ. ನೀನು ಸುಮ್ಮನಿರು ಅಂದರೆ ಸುಮ್ಮನಿರುತ್ತೇನೆ, ಹೇಳು ಅಂದರೆ ಹೇಳುತ್ತೇನೆ.

ಗಾಲಿ


18 ಏಪ್ರಿಲ್ 1993

ಮಾಲೀಕರಿಗೆ,

ನಿಮ್ಮ ಕಾಗದ ತಲುಪಿತು. ಏನು ಮಾಡಬೇಕೆಂದು ಕೇಳಿದ್ದೀರಿ. ಅದನ್ನೂ ನನ್ನ ತಲೆಗೇ ಕಟ್ಟಿದ್ದೀರಿ. ನಾನು ಯೋಚನೆ ಮಾಡುತ್ತಾ ಕೂರಲಿಲ್ಲ, ಆ ಗಾಡಿಯನ್ನು ಇವತ್ತು ಯಾರು ಓಡಿಸುತ್ತಿದ್ದಾರೋ ನನಗೆ ಗೊತ್ತಿಲ್ಲ.

ಮೊದಲು ನಾದಿನಿಯ ಮನೆಗೆ ಹೋದೆ. ಅತ್ತೆಗೆ ಪೂರ್ತಿ ಓದಿ ಹೇಳಿದೆ. ಮೊದಲ ಮೂರು ಸಾಲನ್ನು ಮತ್ತೊಂದು ಸಲ ಓದು ಅಂದರು, ಓದಿದೆ. ‘ಹಂಗಾದ್ರೆ ನನ್ನ ಮಗನ ಕಾಲು ಚೆನ್ನಾಗಿತ್ತು’ ಅಂದರು. ಹೂಂ ಅಂದೆ. ನಾನು ಹೊರಡಲು ಎದ್ದಾಗ ನನ್ನ ಸೆರಗು ಹಿಡಿದುಕೊಂಡರು, ಬಿಡಲಿಲ್ಲ. ಅಂದು ಅಲ್ಲೇ ಉಳಿದೆ.

ನನ್ನ ಗಂಡನ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಟ್ಟಿಟ್ಟುಕೊಂಡಿದ್ದೆ. ಫೋಟೋದ ಕಡೆ ನೋಡದೆ ಓಡಾಡಿದೆ. ಅವರನ್ನು ನನ್ನಿಂದ ಕಿತ್ತುಕೊಂಡದ್ದು ನಿಮ್ಮ ತಗಡು. ಅದು ತಿಳಿಯದೆ ಆದದ್ದು ಎಂದಾದರೂ ನಾನು ಅಂದುಕೊಳ್ಳಬಲ್ಲೆ. ಆದರೆ ಸತ್ತ ಮೇಲೂ ಅವರನ್ನು ಸುಳ್ಳುಗಾರನೆಂದು ನಾನು ಬೈಯುತ್ತಿದ್ದದ್ದು ತಿಳಿದ ಮೇಲೂ ನೀವು ಎರಡು ತಿಂಗಳು ಕಾದಿರಿ.

ಮರುದಿನ ಆ ಸಣ್ಣ ದನಿಯ ಅಧಿಕಾರಿಯ ಕಚೇರಿಗೆ ಹೋಗಿ ಕಾಗದ ಕೊಟ್ಟೆ. ನಿಂತುಕೊಂಡೇ ಎರಡು ಸಲ ಓದಿದರು. ಆ ಒಂದು ಗಾಡಿಗಾಗಿ ನಾಳೆಯೇ ಎಲ್ಲ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿಸುತ್ತೇವೆ, ಕಾರ್ಖಾನೆಗೆ ಬೀಗ ಬೀಳಬಹುದು ಅಂದರು. ಅರವತ್ತು ಮನೆಯ ಒಲೆ ನೆನಪಾಯಿತು. ಆದರೂ ಆಗಲಿ ಅಂದೆ. ಇದನ್ನೆಲ್ಲ ನಿಮಗೆ ಮುಂಚೆಯೇ ತಿಳಿಸುತ್ತಿದ್ದೇನೆ. ಅವರು ಬಂದಾಗ ಆ ತಗಡನ್ನು ನೀವೇ ತೆಗೆದುಕೊಡಿ, ಹುಡುಕಿಸಬೇಡಿ.

ಹೊಸದಾಗಿ ಹೇಳಿಕೆ ಬರೆದುಕೊಳ್ಳುವಾಗ, ಈ ಕಾಗದ ಬರೆದವರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದರು.

‘ನಮ್ಮ ಯಜಮಾನ್ರು ಇವ್ರ ಹತ್ರ ಕೆಲಸಕ್ಕಿದ್ರು’ ಅಂದೆ. ಅಷ್ಟನ್ನೇ ಬರೆದುಕೊಂಡರು.